ಕಣದ ದೊಡ್ಡವ್ವನ ಹಲ್ಲು

ಟ್ರಂಕಿನ ತಳದಲ್ಲಿ ಆ ಪುಸ್ತಕ ಕೈಗೆ ತಗುಲಿದಾಗ ಮೊದಲು ಬಂದದ್ದು ವಾಸನೆ. ನುಸಿಗುಳಿಗೆಯ ವಾಸನೆಯ ಕೆಳಗೆ ಇನ್ನೊಂದು ವಾಸನೆ ಇತ್ತು. ಬೇಯಿಸಿದ ಭತ್ತದ್ದು, ಸ್ವಲ್ಪ ಹುಳಿ, ಸ್ವಲ್ಪ ಹೊಗೆ. ಇಷ್ಟು ವರ್ಷದ ಕಾಗದದಲ್ಲಿ ಅದು ಉಳಿಯುತ್ತದೆಯೇ ಎಂದು ಯಾರಾದರೂ ಕೇಳಬಹುದು. ಉಳಿದಿತ್ತು. ಹೊಲಿಗೆಯ ಸಂದಿಯಲ್ಲಿ ಎರಡು ಹೊಟ್ಟಿನ ಚೂರೂ ಸಿಕ್ಕಿಕೊಂಡಿದ್ದವು.

ನಾನು ಹುಡುಕುತ್ತಿದ್ದದ್ದು ಅದನ್ನಲ್ಲ, ಒಂದು ಖಾಲಿ ನೋಟ್‌ಬುಕ್ಕನ್ನು. ಬಳ್ಳಾರಿಯ ನಮ್ಮ ಬೀದಿಯಲ್ಲಿ, ಪಕ್ಕದ ಮನೆಯ ಸೊಸೆ ಕೇಳಿದ್ದಳು. ಒಂದು ಕಂಪನಿಯಲ್ಲಿ ಫೋನಿಗೆ ಉತ್ತರ ಹೇಳುವ ಕೆಲಸ ಆಕೆಯದು. ಬೈಯುವವರು, ಅಳುವವರು, ಎರಡೂ ಬೆರೆಸಿ ಮಾತಾಡುವವರು, ಎಲ್ಲರನ್ನೂ ತಣ್ಣಗೆ ಮಾಡಿ ಕಳಿಸುವುದು ಆಕೆಗೆ ಬರುತ್ತದೆ. ಈಗ ಮೂರು ತಿಂಗಳು ಅದನ್ನೆಲ್ಲ ಬರೆದು ಕೊಡಬೇಕಂತೆ. ಯಾರು ಏನು ಕೇಳಿದರು, ಇವಳು ಯಾವ ಮಾತಿಗೆ ಯಾವ ಉತ್ತರ ಕೊಟ್ಟಳು, ಸಿಟ್ಟಿನವರು ಯಾವ ಮಾತಿಗೆ ತಣ್ಣಗಾದರು... ಕಂಪ್ಯೂಟರ್ ಅದನ್ನು ಕಲಿಯುತ್ತದಂತೆ. ಆಫೀಸಿನಲ್ಲಿ ಪುರುಸೊತ್ತಿಲ್ಲ, ಮನೆಯಲ್ಲಿ ಕಚ್ಚಾ ಬರೆದುಕೊಂಡು ಹೋಗುತ್ತೇನೆ ಅಂದಳು. ಅದು ಕಲಿತ ಮೇಲೆ ನಿನ್ನ ಕೆಲಸ ಏನಮ್ಮಾ ಎಂದು ಕೇಳಿದೆ.

"ಅದನ್ನ ನೋಡ್ಕೊಳ್ಳಾಕ ನನ್ನೇ ಇಡ್ತಾರಂತ್ರಿ ತಾತಾ."

ಈ ಮಾತು ನನಗೆ ಗೊತ್ತು. ಇದೇ ಮಾತನ್ನು ಒಮ್ಮೆ ಸಿರುಗುಪ್ಪದಲ್ಲಿ ನಾನೇ ಒಬ್ಬರ ಕಿವಿಗೆ ಮುಟ್ಟಿಸಿದ್ದೆ.

ಆಗ ನಾನು ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬಳ್ಳಾರಿಯ ಹಾಸ್ಟೆಲ್ಲಿನಲ್ಲಿ ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು ಎಂದು ಬೆಳೆದವನು ನಾನು. ಹೇಳಿದ ಕೆಲಸವನ್ನು ಹೇಳಿದ ಹೊತ್ತಿಗೆ, ಹೇಳಿದ ಹಾಗೆ ಮಾಡುವುದನ್ನು ಬಿಟ್ಟು ಬೇರೆ ಗುಣ ನನ್ನಲ್ಲಿರಲಿಲ್ಲ. ಅದೊಂದೇ ಸಾಕು ಎಂದು ಕಲಿಸಿದ್ದರು. ನಾನೂ ನಂಬಿದ್ದೆ.

ನಮ್ಮದು ಭತ್ತವನ್ನು ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕುವ ಕಾರ್ಖಾನೆ. ಬೇಯಿಸುವುದು ಬಾಯ್ಲರ್, ಸಿಪ್ಪೆ ಸುಲಿಯುವುದು ಮಷಿನ್ನು. ನಡುವಿನ ಒಣಗಿಸುವ ಕೆಲಸ ಮಾತ್ರ ಬಿಸಿಲು ಮತ್ತು ಹೆಂಗಸರದು. ಮಿಲ್ಲಿನ ಹಿಂದೆ ಒಂದು ದೊಡ್ಡ ಸಿಮೆಂಟಿನ ಕಣ. ಅದರ ತುಂಬ ಹಬೆಯಾಡುವ ಭತ್ತ ಹರವಿ, ಹೆಂಗಸರು ಸಾಲಾಗಿ ಕಾಲಿನಿಂದಲೇ ಗೆರೆ ಎಳೆಯುತ್ತ ತಿರುವಿ ಹಾಕುತ್ತಿದ್ದರು. ಸಿರಿಗೇರಿಯಿಂದ ಬರುವವರಿದ್ದರು, ಊರಿನವರಿದ್ದರು. ಕಡಿಮೆ ಒಣಗಿದರೆ ಅಕ್ಕಿ ಮುಗ್ಗುತ್ತದೆ. ಹೆಚ್ಚು ಒಣಗಿದರೆ ಮಿಲ್ಲಿನಲ್ಲಿ ನುಚ್ಚಾಗುತ್ತದೆ. ಎರಡರ ನಡುವೆ ಒಂದು ಸಣ್ಣ ಹೊತ್ತಿದೆ. ಆ ಹೊತ್ತು ಯಾವುದೆಂದು ಹೇಳುತ್ತಿದ್ದವಳು ಒಬ್ಬಳೇ.

ಅವಳನ್ನು ಎಲ್ಲರೂ ಕಣದ ದೊಡ್ಡವ್ವ ಅನ್ನುತ್ತಿದ್ದರು. ರಾರಾವಿ ಕಡೆಯವಳು. ಎತ್ತರದ ಒಣಕಲು ಮೈ, ಸೊಂಟಕ್ಕೆ ಬಿಗಿದ ಸೆರಗು, ಬಿಳಿ ಹಲ್ಲು. ಆ ವಯಸ್ಸಿಗೆ ಅಂಥ ಹಲ್ಲು ಆ ಕಣದಲ್ಲಿ ಇನ್ಯಾರಿಗೂ ಇರಲಿಲ್ಲ. ಬಿಸಿಲಿನ ಕಡೆಯಿಂದ ಮೂರು ಕಾಳು, ನಡುವಿನಿಂದ ಮೂರು, ಗೋಡೆಯ ನೆರಳಿನ ಕಡೆಯಿಂದ ಮೂರು ಆಯ್ದು ಎಡಗಡೆಯ ಹಲ್ಲಿನಲ್ಲಿ ಒಂದೊಂದೇ ಕಡಿಯುತ್ತಿದ್ದಳು. ಕಡಿಯುವಾಗ ಕಣ್ಣು ಮುಚ್ಚುತ್ತಿದ್ದಳು. ಮೆತ್ತಗೆ ಅಮುಕಿದರೆ ಹಸಿ. ಟಕ್ಕನೆ ಒಡೆದು ಪುಡಿಯಾದರೆ ಕೆಟ್ಟಿತು. ಪುಡಿ ಉದುರದೆ ಸರಿಯಾಗಿ ಎರಡು ಹೋಳಾದರೆ ತಲೆ ಎತ್ತಿ, "ಸಾಕು, ರಾಶಿ ಮಾಡ್ರಿ" ಅನ್ನುತ್ತಿದ್ದಳು. ಅಷ್ಟೂ ಹೆಂಗಸರು ಒಟ್ಟಿಗೆ ಬಾಗುತ್ತಿದ್ದರು.

ಆ ಹಲ್ಲಿಗಾಗಿ ಅವಳು ಎಲೆ ಅಡಿಕೆ ಹಾಕುತ್ತಿರಲಿಲ್ಲ, ತಂಬಾಕು ಮುಟ್ಟುತ್ತಿರಲಿಲ್ಲ. ಚಹಾ ಬಂದರೆ ಬಟ್ಟಲಲ್ಲಿ ಆರಿಸಿಯೇ ಕುಡಿಯುತ್ತಿದ್ದಳು. ಉಳಿದವರು ಎಲೆ ಮಡಿಸಿ ಬಾಯಿಗಿಟ್ಟುಕೊಳ್ಳುತ್ತ ಅವಳನ್ನು ಕಾಡಿಸುತ್ತಿದ್ದರು.

"ಆಕಿ ಬಾಯಿಗೆ ಸಾವ್ಕಾರ್ರು ಬೀಗ ಹಾಕ್ಯಾರಬೇ. ನೆಲ್ಲಿಗಷ್ಟ ತೆಗೀತಾಳ."

"ನಿಮ್ಮ ಬಾಯಿಗೆ ಹಾಕಿದ್ರ ನೆಲ್ಲು ಲಗೂನ ಒಣಗ್ತಿತ್ತು" ಎಂದು ಅವಳು ತಿರುಗಿ ಹೇಳುತ್ತಿದ್ದಳು. ಭತ್ತಕ್ಕೆ ಅಲ್ಲಿ ನೆಲ್ಲು ಎನ್ನುವುದೇ ರೂಢಿ.

ಒಂದು ದಿನ ಮಿಲ್ಲಿನ ಮಾಲೀಕರಾದ ಸಾವ್ಕಾರರು ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ಒಂದು ಪೆಟ್ಟಿಗೆ ಇತ್ತು. ಬಟ್ಟಲಲ್ಲಿ ಕಾಳು ಹಾಕಿ, ಹಿಡಿಕೆ ತಿರುಗಿಸಿದರೆ ಮುಳ್ಳು ಓಡಿ ತೇವ ಎಷ್ಟೆಂದು ತೋರಿಸುವ ಮೀಟರು. ಮುಂದಿನ ಸುಗ್ಗಿಯ ಹೊತ್ತಿಗೆ ಡ್ರೈಯರ್ ಬರುತ್ತದೆ, ಬಿಸಿ ಗಾಳಿಯಲ್ಲೇ ಭತ್ತ ಒಣಗುತ್ತದೆ, ಮೋಡ ಮಳೆಯ ಹಂಗಿಲ್ಲ ಎಂದರು. ಆದರೆ ಎಷ್ಟು ತೇವಕ್ಕೆ ಡ್ರೈಯರನ್ನು ನಿಲ್ಲಿಸಬೇಕೆಂದು ಯಾರಿಗೂ ತಿಳಿಯದು. ಮಷಿನ್ ಕಂಪನಿಯ ಎಂಜಿನಿಯರ್ ತಂದ ಪಟ್ಟಿ ನಮ್ಮ ಭತ್ತಕ್ಕೆ ಹೊಂದಲಿಲ್ಲ. ಅದಕ್ಕೆ ನಾನು ದೊಡ್ಡವ್ವನ ಜೊತೆ ಒಂದು ಸುಗ್ಗಿ ಪೂರ್ತಿ ಇರಬೇಕು, ಅವಳು ಕಡಿದಾಗಲೆಲ್ಲ ಅದೇ ಜಾಗದ ಕಾಳನ್ನು ಮೀಟರಿಗೂ ಹಾಕಿ ಬರೆದುಕೊಳ್ಳಬೇಕು. ಅವಳು ಕೇಳಿದರೆ ಡ್ರೈಯರ್ ನೋಡಿಕೊಳ್ಳಲು ಅವಳನ್ನೇ ಇಡುತ್ತೇವೆಂದು ಹೇಳು ಎಂದರು.

ನಾನು ಪುಸ್ತಕಕ್ಕೆ ಗೆರೆ ಹೊಡೆದೆ. ಹೊತ್ತು, ಕಣದ ಜಾಗ, ಹಲ್ಲು, ಮೀಟರು, ಷರಾ. ಐದು ಕಾಲಂ. ಕೆಂಪು ಶಾಯಿಯಲ್ಲಿ ತಲೆಬರಹ. ಕಣದಲ್ಲಿ ಅದರಲ್ಲಿ ಕಚ್ಚಾ ಬರೆದು, ಸಂಜೆ ಆಫೀಸಿನಲ್ಲಿ ಇನ್ನೊಂದು ಪುಸ್ತಕಕ್ಕೆ ಶುದ್ಧಪ್ರತಿ ಮಾಡುತ್ತಿದ್ದೆ. ಟ್ರಂಕಿನಲ್ಲಿ ಸಿಕ್ಕಿದ್ದು ಆ ಕಚ್ಚಾ ಪುಸ್ತಕ.

ತನ್ನ ಕೆಲಸ ಏನಾಗುತ್ತದೆ ಎಂದು ಅವಳು ಕೇಳಿಯೇ ಕೇಳಿದಳು. ಸಾವ್ಕಾರರು ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಅವಳು ನನ್ನ ಮುಖವನ್ನೇ ನೋಡಿ, "ನೀ ಹೇಳಾಕತ್ತೀ ಅಂದ್ರ ಖರೇನ ಇರ್ಬೇಕು ಬಿಡು, ರೈಟರಪ್ಪಾ" ಅಂದಳು. ನನ್ನ ನಿಷ್ಠುರ ಶಿಸ್ತಿನ ಮೇಲೆ ಅವಳಿಗೆ ಅಷ್ಟು ನಂಬಿಕೆ. ಗಂಟೆ ತಪ್ಪದವನು ಮಾತೂ ತಪ್ಪುವುದಿಲ್ಲ ಎಂದುಕೊಂಡಳೋ ಏನೋ...

ಮೊದಲ ಕೆಲವು ವಾರ ಹಲ್ಲಿಗೂ ಮುಳ್ಳಿಗೂ ತಾಳೆಯಾಗಲಿಲ್ಲ. ಬೆಳಗಿನ ಹೊತ್ತು ಹೊಂದುತ್ತಿತ್ತು, ಮಧ್ಯಾಹ್ನ ತಪ್ಪುತ್ತಿತ್ತು. ಎಂಜಿನಿಯರ್ ಎರಡು ಸಲ ಬಂದು ಮೀಟರು ಬಿಚ್ಚಿ ಜೋಡಿಸಿದ. ಮುದುಕಿಯದೇ ತಪ್ಪು, ಹಲ್ಲು ನಂಬಿ ಮಿಲ್ಲು ನಡೆಸಿದ್ದೇ ಹೆಚ್ಚು ಎಂದು ತೆಲುಗಿನಲ್ಲಿ ಹೇಳಿ ನಕ್ಕ. ಅವಳಿಗೆ ತೆಲುಗು ಬರುತ್ತಿತ್ತು. ಅವನು ಹೋದ ಮೇಲೆ ನನ್ನನ್ನು ಕರೆದು ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಅದರಲ್ಲಿ ಒಂಬತ್ತು ಕಾಳು.

"ನಾ ಎತ್ತಿದ ಕೂಡ್ಲೆ ಕಡೀತೀನೇನು? ಸೆರಗಿನ್ಯಾಗ ಕಟ್ಟಿ, ಆರಿದ ಮ್ಯಾಲೆ ಕಡೀತೀನಿ. ಬಿಸಿ ಕಾಳು ಸುಳ್ಳು ಹೇಳ್ತೈತಿ. ನಿನ್ನ ಡಬ್ಬಿಗೂ ಅದು ಸುಳ್ಳ ಹೇಳಾಕತ್ತೈತಿ."

ಅಷ್ಟು ದಿನ ಪಕ್ಕದಲ್ಲೇ ಇದ್ದೂ ನಾನು ಅದನ್ನು ಕಂಡಿರಲಿಲ್ಲ. ಅವಳು ಕಾಳು ಎತ್ತಿ ಕಣ ಸುತ್ತಿ ಬರುವುದನ್ನು ಸುಮ್ಮನೆ ನಡೆದಾಟ ಎಂದುಕೊಂಡಿದ್ದೆ. ಆವತ್ತಿನಿಂದ ಕಾಳಿನ ಬಿಸಿ ಆರಲು ಬಿಟ್ಟು ಮೀಟರಿಗೆ ಹಾಕಿದೆ. ಮುಳ್ಳು ಅವಳ ಹಲ್ಲು ಹೇಳಿದಲ್ಲಿಗೆ ಬಂದು ನಿಂತಿತು. ಮರುದಿನವೂ ನಿಂತಿತು. ಷರಾ ಕಾಲಂನಲ್ಲಿ ಬರೆದೆ: ಕಾಳು ಆರಿದ ಮೇಲೆಯೇ ನೋಡತಕ್ಕದ್ದು. ಕೆಳಗೆ ಎರಡು ಗೆರೆ ಎಳೆದೆ. ಹೆಮ್ಮೆಯಿಂದ ಎಳೆದೆ, ಅದನ್ನು ಮುಚ್ಚಿಡುವುದಿಲ್ಲ. ಎಂಜಿನಿಯರಿಗೆ ತಿಳಿಯದ್ದು ನನ್ನ ಪುಸ್ತಕದಲ್ಲಿತ್ತು.

ಅಲ್ಲಿಗೆ ಅವಳ ಕೆಲಸ ಮುಗಿದಿತ್ತು. ಅದು ನನಗೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ.

ಡ್ರೈಯರ್ ಬಂತು. ಪೂಜೆಯಾಯಿತು. ಕಣದ ಹೆಂಗಸರಿಗೆ ಮುಂದಿನ ಸೋಮವಾರದಿಂದ ಬರುವುದು ಬೇಡ ಎಂದು ಮೇಸ್ತ್ರಿಯ ಬಾಯಲ್ಲಿ ಹೇಳಿಸಿದರು. ಅವರು ಮೇಸ್ತ್ರಿ ಕರೆತಂದ ಗುಂಪು. ಮಿಲ್ಲಿನ ಹಾಜರಿಯಲ್ಲಿ ತಲೆಯ ಲೆಕ್ಕ ಮಾತ್ರ ಇತ್ತು, ಒಬ್ಬರ ಹೆಸರೂ ಇರಲಿಲ್ಲ. ಹೆಸರೇ ಇಲ್ಲದವರನ್ನು ಕೆಲಸದಿಂದ ತೆಗೆಯುವುದು ಎಷ್ಟು ಸುಲಭ! ಒಂದು ಕಾಗದವೂ ಬೇಕಾಗಲಿಲ್ಲ. ಗೇಟಿಗೆ ಬೋರ್ಡು ಬಿತ್ತು: ಡ್ರೈಯರ್ ನೋಡಿಕೊಳ್ಳಲು ಜನ ಬೇಕಾಗಿದ್ದಾರೆ, ಹತ್ತನೇ ತರಗತಿ ಪಾಸಾಗಿರಬೇಕು. ಆ ಬೋರ್ಡು ಬರೆದದ್ದೂ ನಾನೇ. ಅಕ್ಷರ ಚೆನ್ನಾಗಿದೆ ಎಂದು ನನಗೇ ಹೇಳಿದ್ದರು.

ಆಯ್ಕೆ ಮಾಡಲು ಸಾವ್ಕಾರರ ಭಾವಮೈದುನ ಬಳ್ಳಾರಿಯಿಂದ ಬಂದಿದ್ದರು. ಬೇವಿನ ಮರದ ಕೆಳಗೆ ಮೇಜು, ಮೇಜಿನ ಮೇಲೆ ಮೀಟರು, ಪಕ್ಕದಲ್ಲಿ ನನ್ನ ಶುದ್ಧಪ್ರತಿ. ಹೆಸರು ಬರೆದುಕೊಳ್ಳಲು ನಾನು ಕೂತಿದ್ದೆ. ಪ್ಯಾಂಟು ಹಾಕಿ, ಕೈಯಲ್ಲಿ ಸರ್ಟಿಫಿಕೇಟು ಹಿಡಿದ ಗಂಡಸರ ಸಾಲಿನಲ್ಲಿ ದೊಡ್ಡವ್ವ ನಿಂತಿದ್ದಳು. ಒಗೆದ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ಅವಳ ಸರದಿ ಬಂದಾಗ ಸೆರಗಿನ ಗಂಟು ಬಿಚ್ಚಿ ಹಿಡಿ ಕಾಳನ್ನು ಮೇಜಿನ ಮೇಲೆ ಹಾಕಿದಳು. ನೀವು ಮುಳ್ಳು ನೋಡುವ ಮೊದಲೇ ನಾನು ಹೇಳುತ್ತೇನೆ ಎಂದಳು. ಒಂದು ಕಾಳು ಕಡಿದು, ಇನ್ನೂ ಒಂದು ತಾಸು ಒಣಗಬೇಕು ಅಂದಳು.

ಅವರು ಹಿಡಿಕೆ ತಿರುಗಿಸಿದರು. ಮುಳ್ಳು ನೋಡಿದರು. ನನ್ನ ಪುಸ್ತಕ ತೆರೆದು ಬೆರಳಿಟ್ಟು ನೋಡಿದರು.

"ಸರಿ ಐತವ್ವ. ಮಷಿನ್ನೂ ಅದ್ನ ಹೇಳ್ತೈತಿ. ಮತ್ತ ನೀ ಯಾಕ?"

ಸಾಲಿನಲ್ಲಿ ಯಾರೋ ನಕ್ಕರು. ದೊಡ್ಡವ್ವ ನನ್ನ ಕಡೆ ತಿರುಗಿದಳು.

"ಬರ್ಕೋ ರೈಟರಪ್ಪಾ, ನನ್ನ ಹೆಸ್ರು."

ಸರ್ಟಿಫಿಕೇಟು ಇಲ್ಲದವರ ಹೆಸರು ಬರೆಯಬೇಡ ಎಂದು ಅವರು ನನಗೆ ಮೊದಲೇ ಹೇಳಿದ್ದರು. ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡುವವನು ನಾನು. ಪೆನ್ನಿಗೆ ಟೋಪಿ ಹಾಕಿದೆ. ಅವಳು ನನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಾಳನ್ನೆಲ್ಲ ಒಂದೂ ಬಿಡದೆ ಸೆರಗಿಗೆ ಬಳಿದುಕೊಂಡು ಹೋದಳು.

ಸಾವ್ಕಾರರು ಕೆಟ್ಟವರಲ್ಲ, ಕಾಲ ಹಾಗೆ ಬಂತು ಎಂದು ಬಹಳ ವರ್ಷ ನಾನೇ ಎಲ್ಲರಿಗೂ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಕಾಲ ತಾನಾಗಿ ಬಂದು ಗೇಟಿಗೆ ಬೋರ್ಡು ಹಾಕುವುದಿಲ್ಲ. ಅವಳಿಗೆ ಸಂಖ್ಯೆ ಓದಲು ಕಲಿಸಲು ಎಷ್ಟು ದಿನ ಬೇಕಿತ್ತು? ಒಂದು ವಾರ. ಅವಳಿಗೆ ತಿಳಿದದ್ದನ್ನು ತಿಳಿಯಲು ನನಗೆ ಒಂದು ಸುಗ್ಗಿ ಬೇಕಾಯಿತು, ಅದೂ ಅವಳು ಹೇಳಿಕೊಟ್ಟ ಮೇಲೆ. ಡ್ರೈಯರ್ ಬಂದದ್ದಕ್ಕೆ ನನ್ನ ತಕರಾರಿಲ್ಲ. ಬೇಸಿಗೆಯ ಆ ಕಣದ ಮೇಲೆ ಬರಿಗಾಲಲ್ಲಿ ನಡೆಯುವುದು ಸುಖದ ಕೆಲಸವೆಂದು ನಾನು ಬರೆಯಲಾರೆ. ಒಬ್ಬ ಹೆಂಗಸಿನಿಂದ ತೆಗೆದುಕೊಳ್ಳುವುದನ್ನೆಲ್ಲ ತೆಗೆದುಕೊಂಡು, ಅದನ್ನೇ ಅವಳ ಎದುರಿಗೆ ಹಿಡಿದು, ಮತ್ತೆ ನೀನು ಯಾಕೆ ಎಂದು ಕೇಳಿದರಲ್ಲ, ಅದಕ್ಕೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಕೇಳಿದವರ ಮೇಲೆ ಉರಿಯುತ್ತದೆ. ಪೆನ್ನಿಗೆ ಟೋಪಿ ಹಾಕಿದವನ ಮೇಲೂ.

ಮೂರ್ನಾಲ್ಕು ವರ್ಷದ ಮೇಲೆ ಒಂದು ಕೆಲಸದ ಮೇಲೆ ಕುರುಗೋಡಿಗೆ ಹೋಗಿದ್ದೆ. ಗುಡ್ಡದ ಬದಿಯಲ್ಲಿ ಹೆಂಗಸರು ಜಲ್ಲಿ ಒಡೆಯುತ್ತಿದ್ದರು. ಅವರಲ್ಲಿ ಒಬ್ಬಳು, "ರೈಟರಪ್ಪ ಅಲ್ಲೇನು?" ಅಂದಳು. ನಾನು ಗುರುತು ಹಿಡಿಯಲಿಲ್ಲ. ಬಾಯಿ ತುಂಬ ಎಲೆ ತಂಬಾಕು, ಹಲ್ಲೆಲ್ಲ ಕೆಂಪು ಕಪ್ಪು. ದೊಡ್ಡವ್ವ! ಮಗಳ ಮನೆ ಅಲ್ಲಿ, ಬಂದು ಸೇರಿಕೊಂಡೆ ಎಂದಳು. ನನ್ನ ಕಣ್ಣು ಅವಳ ಬಾಯಿಯ ಮೇಲಿದ್ದದ್ದು ಅವಳಿಗೆ ತಿಳಿಯಿತು.

"ಏನ್ ನೋಡ್ತಿ? ಹಲ್ಲಿಗೆ ಈಗೇನು ಕೆಲ್ಸ ಐತಿ?"

ಸುತ್ತಲಿನ ಹೆಂಗಸರು ನಕ್ಕರು. ಅವಳೂ ನಕ್ಕಳು. ಹೊರಡುವಾಗ ಸುತ್ತಿಗೆ ಕೆಳಗಿಟ್ಟು, ಆ ಪುಸ್ತಕ ಇನ್ನೂ ಇದೆಯೇ ಎಂದು ವಿಚಾರಿಸಿದಳು. ಇದೆ, ಮಿಲ್ಲಿನಲ್ಲಿ ಅದನ್ನೇ ನೋಡಿ ಡ್ರೈಯರ್ ನಡೆಸುತ್ತಾರೆ ಎಂದೆ.

"ಅದ್ರಾಗ ನನ್ನ ಹೆಸ್ರು ಐತಿಲ್ಲೋ?"

ಐತಿ ದೊಡ್ಡವ್ವ, ಎಂದೆ. ಅವಳು ತಲೆಯಾಡಿಸಿ ಸುತ್ತಿಗೆ ಎತ್ತಿಕೊಂಡಳು. ಆಮೇಲೆ ನಾನು ಅವಳನ್ನು ನೋಡಲಿಲ್ಲ...

ಮೊನ್ನೆ ಪಕ್ಕದ ಮನೆಯ ಸೊಸೆಗೆ ಇದನ್ನೆಲ್ಲ ಹೇಳಿದೆ. ಎಲ್ಲವನ್ನೂ ಬರೆದು ಕೊಡಬೇಡಮ್ಮಾ ಎಂದೆ. ಗದರಿಸಿಯೇ ಹೇಳಿದೆ. ಆಕೆ ಬೇಸರ ಮಾಡಿಕೊಳ್ಳಲಿಲ್ಲ.

"ನಾ ಬರೀಲಿಲ್ಲಂದ್ರ ಬಾಜೂ ಕುಂತಾಕಿ ಬರೀತಾಳ್ರಿ ತಾತಾ. ಆಕಿನ್ನ ಇಟ್ಕೊಂತಾರ, ನನ್ನ ಕಳಿಸ್ತಾರ."

ಖಾಲಿ ನೋಟ್‌ಬುಕ್ ಕೊಟ್ಟೆ. ಮೊದಲ ಪುಟದಲ್ಲಿ ನಿನ್ನ ಹೆಸರು ಬರಿ, ಪ್ರತಿ ಪುಟದಲ್ಲೂ ಬರಿ ಎಂದಷ್ಟೇ ಹೇಳಿದೆ.

ಆಕೆ ಹೋದ ಮೇಲೆ ನನ್ನ ಕಚ್ಚಾ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿದೆ. ಒಂದು ಸುಗ್ಗಿಯ ಪ್ರತಿ ದಿನ ಅದರಲ್ಲಿದೆ, ಒಂದು ಹೊತ್ತೂ ತಪ್ಪಿಲ್ಲ. ಬಿಸಿಲಿನ ಕಡೆ, ನಡುವೆ, ಗೋಡೆಯ ಕಡೆ, ಎಲ್ಲವೂ ಇದೆ. ಅವಳದೆಂದು ಇರುವುದು ಒಂದೇ ಗುರುತು, ಮೂರನೆಯ ಕಾಲಂನ ತಲೆಯ ಮೇಲೆ, ಕೆಂಪು ಶಾಯಿಯಲ್ಲಿ, ನನ್ನ ಚೆಂದದ ಅಕ್ಷರದಲ್ಲಿ: ಹಲ್ಲು.

ಪೆನ್ನು ತೆಗೆದು ಅದನ್ನು ಹೊಡೆದು ಹಾಕಿದೆ. ಅದರ ಮೇಲೆ ಅವಳ ಹೆಸರು ಬರೆಯಲು ಕೂತೆ.

ಬೇವಿನ ಮರದ ಕೆಳಗೆ ಅವಳು ಬರೆದುಕೋ ಅಂದಿದ್ದಳು. ಏನು ಹೆಸರು ಎಂದು ನಾನು ಕೇಳಿರಲಿಲ್ಲ.