ತಳ್ಳದ ಹಸು

ವಕ್ಕಲೇರಿಯ ನಮ್ಮ ಪಕ್ಕದ ಮನೆಯ ಅಕ್ಕ ಹಾಲು ಕರೆಯುವಾಗ ತಲೆಯನ್ನು ಓರೆ ಮಾಡಿ ಹಸುವಿನ ಹೊಟ್ಟೆಗೆ ಒರಗಿಸಿಕೊಳ್ಳುತ್ತಿದ್ದರು. ಯಾರಿಗೆ ಏನೇ ಆದರೂ "ಎಲ್ಲಾ ಪಿತ್ತ ಕಣಮ್ಮ" ಎನ್ನುವುದು ಅವರ ಮಾತು. ಒಂದು ಬೆಳಿಗ್ಗೆ ಹಾಗೆ ತಲೆ ಒರಗಿಸಿದ್ದೇ ತಡ, ಕೊಟ್ಟಿಗೆಯೇ ಗಿರ್ರನೆ ತಿರುಗಿದಂತಾಗಿ ಬಕೆಟ್ಟಿನ ಸಮೇತ ಉರುಳಿದರು. ಮರುದಿನವೂ ಹಾಗೇ ಆಯಿತು. ಈ ಸಲ ಪಿತ್ತವನ್ನು ಬಿಟ್ಟು ಹಸುವನ್ನು ದೂರಿದರು.

"ಇವಳೇ ನನ್ನ ತಳ್ತಾಳೆ, ಮಾರ್ಬಿಡ್ತೀನಿ."

ನಾನೇ ಅವರನ್ನು ಕೋಲಾರಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಅವರನ್ನು ಮಲಗಿಸಿ, ತಲೆಯನ್ನು ಮೆಲ್ಲನೆ ಅತ್ತಿತ್ತ ತಿರುಗಿಸಿ ನೋಡಿ, "ಕಿವಿಯೊಳಗೆ ಸಣ್ಣ ಹರಳು ಜಾರಿದೆ ಅಮ್ಮ. ತಲೆ ವಾಲಿಸಿದಾಗ ಸುತ್ತೋದು ಅದಕ್ಕೇ" ಎಂದರು.

ಊರಿಗೆ ಬಂದವರು ಸೀರೆಯನ್ನೂ ಬದಲಿಸದೆ ಕೊಟ್ಟಿಗೆಗೆ ನಡೆದರು. ಹಸುವಿನ ಕತ್ತು ನೇವರಿಸುತ್ತ, "ನೀನು ಅಲ್ಲಾಡ್ಲೇ ಇಲ್ಲ ಕಣೇ" ಎಂದರು.