ರಕ್ಕಸ ಕೊಟ್ಟ ಗಾಳಿ

ಅಜ್ಜಂಪುರದ ಹಾರ್ಮೋನಿಯಂ ಮೇಷ್ಟ್ರು ತೀರ್ಥಪ್ಪ ನಲವತ್ತು ವರ್ಷ ಹಾರ್ಮೋನಿಯಂನ ತಿದಿಗೆ ಕಾಲಲ್ಲಿ ತುಳಿದ ಗಾಳಿಯನ್ನೆಲ್ಲ ಕೂಡಿಟ್ಟಿದ್ದರೆ ತಾಲ್ಲೂಕಿನ ರಾಗಿ ತೂರಿ, ಮಿಕ್ಕದ್ದರಲ್ಲಿ ಕಡೂರಿನವರ ಸೆಕೆಯನ್ನೂ ಕಳೆಯಬಹುದಿತ್ತು. ಊರೂರು ಸುತ್ತಿ ರೈತರಿಗೆ, ಬಸ್ ಕಂಡಕ್ಟರುಗಳಿಗೆ ಪೌರಾಣಿಕ ನಾಟಕ ಕಲಿಸಿದವರು. ಕರಪತ್ರದಲ್ಲಿ ದ್ವಾರಪಾಲಕನ ಫೋಟೋ ಕೂಡ ಇರುತ್ತಿತ್ತು, ಮೇಷ್ಟ್ರದು ಮಾತ್ರ ಇರುತ್ತಿರಲಿಲ್ಲ.

ಅವರ ನಿಜವಾದ ವಿದ್ಯೆಯಂತೂ ಯಾರಿಗೂ ಗೊತ್ತಿರಲಿಲ್ಲ. ಬುಕ್ಕಾಂಬುಧಿಯ ಸಣ್ಣಬೀರಪ್ಪ ಇಪ್ಪತ್ತು ವರ್ಷದಿಂದ ರಕ್ಕಸರಾಜನ ಪಾರ್ಟು. ಕಂಠ ಸಿಂಹದ್ದು, ಶ್ರುತಿ ಹಗ್ಗ ಬಿಚ್ಚಿದ ಕರು. ಅಜ್ಜಂಪುರದಲ್ಲಿ ಎತ್ತಿದ ಪದ್ಯ ಮೂರನೇ ಸಾಲಿಗೆ ತರೀಕೆರೆ ದಾಟಿರುತ್ತಿತ್ತು. ಮೇಷ್ಟ್ರು ಹಿಂದೆಯೇ ಬೆರಳು ಓಡಿಸಿ, ಅವನು ನಿಂತದ್ದೇ ಶ್ರುತಿ ಅನ್ನಿಸಿಬಿಡುತ್ತಿದ್ದರು. ಜನ 'ಒನ್ಸ್ ಮೋರ್' ಅನ್ನುತ್ತಿದ್ದರು. ಸಣ್ಣಬೀರಪ್ಪ ಮೀಸೆ ತಿರುವುತ್ತಿದ್ದ.

ಈ ವರ್ಷ ಮೇಷ್ಟ್ರ ಮಂಡಿ ಸೋತಿತು. ತುಳಿಯುವಂತಿಲ್ಲ. ಕೈಯಲ್ಲಿ ತಿದಿ ಒತ್ತುವ ಸಣ್ಣ ಹಾರ್ಮೋನಿಯಂ ಪೆಟ್ಟಿಗೆ ಇತ್ತು, ಆದರೆ ಉಳಿದ ಒಂದೇ ಕೈಯಲ್ಲಿ ಸಣ್ಣಬೀರಪ್ಪನನ್ನು ಹಿಡಿಯುವುದೆಂದರೆ ಹೋರಿಯನ್ನು ನೂಲಲ್ಲಿ ಕಟ್ಟಿದಂತೆ. ನಾಟಕದವರು ತರೀಕೆರೆಯಿಂದ ಕೀಬೋರ್ಡಿನವನನ್ನು ಕರೆಸಿದರು. ಇನ್ನು ತಮ್ಮ ಕಾಲ ಮುಗಿಯಿತೆಂದು ಮೇಷ್ಟ್ರು ಹಾರ್ಮೋನಿಯಂಗೆ ಬಟ್ಟೆ ಹೊದಿಸಿದರು.

ತಾಲೀಮಿನಲ್ಲಿ ಕೀಬೋರ್ಡು ಕೂತಲ್ಲೇ ಕೂತಿತು, ಸಣ್ಣಬೀರಪ್ಪ ಎಂದಿನಂತೆ ಶ್ರುತಿ ಬಿಟ್ಟು ಹೊರಟುಹೋದ. ನೋಡಲು ಬಂದವರು ಬಿದ್ದು ಬಿದ್ದು ನಕ್ಕರು. ಮಾರನೇ ಬೆಳಿಗ್ಗೆ ಅವನು ಮೇಷ್ಟ್ರ ಮನೆ ಬಾಗಿಲಲ್ಲಿದ್ದ.

"ಮೇಷ್ಟ್ರೇ, ಇಷ್ಟು ವರ್ಷ ನಾನು ಹಾಡಿದ್ದಾ, ನೀವು ಹಾಡ್ಸಿದ್ದಾ?"

"ನೀನೇ ಹಾಡಿದ್ದು ಕಣೋ. ನಾನು ಹಿಂದೆ ಓಡ್ತಿದ್ದೆ ಅಷ್ಟೆ."

"ಒಂದು ಮಾತು ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ಹೆದರ್ಕಂಡು ಸರಿಯಾಗಿ ಹಾಡ್ಬಿಡ್ತಿದ್ದೆ! ನೀನು ಎಲ್ಲಿಗೆ ಹಾರ್ತೀಯೋ ಅನ್ನೋ ದಿಗಿಲಲ್ಲೇ ಕಣಪ್ಪಾ ನನ್ನ ಬೆರಳು ಬದುಕಿರೋದು."

ಸಣ್ಣಬೀರಪ್ಪ ಹಾರ್ಮೋನಿಯಂ ಮೇಲಿನ ಬಟ್ಟೆ ತೆಗೆದ. "ಏಳ್ರಿ. ಬೆರಳು ನಿಮ್ದು, ಗಾಳಿ ನಮ್ದು."

ಭಾನುವಾರ ಹಗಲು ನಾಟಕ. ಮೇಷ್ಟ್ರು ಕುರ್ಚಿಯಲ್ಲಿ, ಕೆಳಗೆ ಕಿರೀಟ ಹೊತ್ತ ರಕ್ಕಸರಾಜ ಎರಡೂ ಕೈಯಲ್ಲಿ ಹಾರ್ಮೋನಿಯಂನ ತುಳಿಹಲಗೆ ಒತ್ತುತ್ತಿದ್ದಾನೆ. ರಂಗದ ಮೇಲೆ ಅವನನ್ನು ಕೊಲ್ಲಬೇಕಾದ ಯುವರಾಜನ ಪಾರ್ಟಿನ ಹೊನ್ನೇಶ ಹಾಡುತ್ತಿದ್ದಾನೆ. ರಕ್ಕಸನ ಸರದಿ ಬಂದಾಗ ಹೊನ್ನೇಶ ಕತ್ತಿ ಪಕ್ಕಕ್ಕಿಟ್ಟು ಕೆಳಗೆ ಕೂತು ಹಲಗೆ ಒತ್ತತೊಡಗಿದ. ಇಷ್ಟು ಅನ್ಯೋನ್ಯವಾದ ಶತ್ರುಗಳನ್ನು ಮೂರು ಲೋಕದಲ್ಲೂ ಯಾರೂ ಕಂಡಿರಲಿಲ್ಲ.

ಮೂರನೇ ಸಾಲಿಗೆ ಕರು ಹಗ್ಗ ಬಿಚ್ಚಿತು.

"ಹೋದ ಕಣ್ರೀ ಮೇಷ್ಟ್ರೇ, ಹಿಡೀರಿ!" ಹೊನ್ನೇಶ ಕೆಳಗಿನಿಂದ ಕೂಗಿದ.

ಇಂಥ ತಪ್ಪು ಹಾಡುಗಾರನನ್ನು ಕೊಟ್ಟ ದೇವರಿಗೆ ಮೇಷ್ಟ್ರು ಮನಸ್ಸಿನಲ್ಲೇ ಕೈಮುಗಿದರು. ನಿಜವಾದ ಕೈಗೆ ಬಿಡುವಿರಲಿಲ್ಲ. ಬೆರಳುಗಳು ಆಗಲೇ ಅಲ್ಲಿಗೆ ಹೋಗಿ ಅವನಿಗಾಗಿ ಕಾಯುತ್ತಿದ್ದವು.