ಗುಬ್ಬಿಯ ಪಿಕಪ್

ನಮ್ಮ ಟ್ರ್ಯಾಕ್ಟರಿನವನು "ಬಂದೆ ಕಣಕ್ಕ, ದಾರೀಲೇ ಇದೀನಿ" ಅಂತ ಫೋನಿನಲ್ಲಿ ಹೇಳಿದ ಮೇಲೆ ಎಷ್ಟು ಹೊತ್ತಿಗೆ ಬರುತ್ತಾನೆ ಅನ್ನೋದನ್ನು ಅವನ ಹೆಂಡತಿಯೂ ಹೇಳಲಾರಳು. ಅವನನ್ನು ಕಾಯುತ್ತಾ ನಾನು ಅಮೃತೂರಿನ ನಮ್ಮ ಮನೆಯ ಅಂಗಳದಲ್ಲಿ ಓಡಾಡಿದ್ದನ್ನೆಲ್ಲ ನೇರ ಮಾಡಿದ್ದರೆ ಕುಣಿಗಲ್ಲಿಗೆ ಹೋಗಿ ಬರಬಹುದಿತ್ತು.

ನಾನೂ ನನ್ನ ಓರಗಿತ್ತಿಯೂ ಸೇರಿ ತೆಂಗಿನ ಗರಿ ಪುಡಿ ಮಾಡುವ ಮಷೀನು ತೆಗೆದುಕೊಂಡಿದ್ದೆವು. ಎರಡು ಚಕ್ರ, ಅದರ ಮೇಲೆ ಒಂದು ಡೀಸೆಲ್ ಇಂಜಿನ್, ಗರಿಯನ್ನೂ ಅದರ ಬುಡದ ದಪ್ಪ ಎಡಮಟ್ಟೆಯನ್ನೂ ನುಂಗುವ ದೊಡ್ಡದೊಂದು ಬಾಯಿ. ತೋಟದಲ್ಲಿ ರಾಶಿ ಬಿದ್ದು ಹಾವು ಸೇರಿಕೊಳ್ಳುವ ಗರಿಗಳನ್ನು ಪುಡಿ ಮಾಡಿ ಅಲ್ಲೇ ಮರದ ಬುಡಕ್ಕೆ ಹಾಕಿ ಬರುವುದು ನಮ್ಮ ಕೆಲಸ. ಸುತ್ತಮುತ್ತಲಿನ ತೋಟದವರು ಕರೆಯತೊಡಗಿದ್ದರು. ಆದರೆ ಮಷೀನನ್ನು ಒಂದು ತೋಟದಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಗಲು ಆ ಟ್ರ್ಯಾಕ್ಟರೇ ಬೇಕು. ಅವನಿಗೆ ತನ್ನ ಉಳುಮೆ ಮೊದಲು, ತನ್ನ ಭಾವನ ಉಳುಮೆ ಆಮೇಲೆ, ನಾವು ಕೊನೆಗೆ. ಒಂದು ದಿನ ಮಾರ್ಕೋನಹಳ್ಳಿ ಡ್ಯಾಮಿನ ಕೆಳಗಿನ ತೋಟವೊಂದರಲ್ಲಿ ಮಷೀನು ಬಿಟ್ಟು ಹೋದವನು ವಾರವಾದರೂ ತಿರುಗಿ ನೋಡಲಿಲ್ಲ. ಕೆಲಸ ಮುಗಿದು ಮಷೀನು ಅಲ್ಲೇ ನಿಂತಿತು. ಬೇರೆ ತೋಟದವರು ಫೋನು ಮಾಡುತ್ತಲೇ ಇದ್ದರು. ಮೋಡ ಬೇರೆ ಕಟ್ಟುತ್ತಿತ್ತು. ಒದ್ದೆ ಗರಿ ಮಷೀನಿಗೆ ಸಿಕ್ಕಿಕೊಂಡರೆ ಬಿಡಿಸಲು ಅರ್ಧ ದಿನ ಹಿಡಿಯುತ್ತದೆ.

"ಅಕ್ಕ, ನಾವೇ ಒಂದು ಪಿಕಪ್ ತಗಂಡುಬುಡಾಣ" ಅಂದಳು ಓರಗಿತ್ತಿ. ಅವಳು ನನಗಿಂತ ಚಿಕ್ಕವಳು. ಮಾತು ಕಡಿಮೆ, ಆಡಿದರೆ ಇಂಥದ್ದು.

"ಯಾರೇ ಓಡ್ಸೋದು?"

"ನೀನು. ನಿಮ್ಮಣ್ಣನ ವ್ಯಾನು ಓಡುಸ್ತಿದ್ದೆ ಅಂತ ಮದುವೆ ಆದಾಗಿಂದ ಹೇಳ್ತಾನೇ ಇದೀಯ."

ಹೊಸದು ನಮ್ಮ ಕೈಗೆ ಎಟುಕುವಂತಿರಲಿಲ್ಲ. ಹಳೆಯದು ನೋಡಬೇಕು. ತುಮಕೂರಿನ ಫ್ಯಾಕ್ಟರಿಯಲ್ಲಿ ಶಿಫ್ಟಿಗೆ ಹೋಗುವ ನನ್ನ ಗಂಡ, "ನೋಡ್ರಿ, ಆದ್ರೆ ಅವಸರ ಮಾಡ್ಬೇಡ್ರಿ" ಅಂದರು. ಆ ಮಾತು ನನ್ನನ್ನು ಉದ್ದೇಶಿಸಿ ಆಡಿದ್ದು. ಅವತ್ತಿನಿಂದ ನನ್ನ ಕಣ್ಣು ರಸ್ತೆಯ ಮೇಲಿನ ಪಿಕಪ್‌ಗಳ ಮೇಲೇ. ಬಸ್ಸಿನಲ್ಲಿ ಕೂತರೂ ಹಿಂದಿನ ಚಕ್ರ ಒಂಟಿಯೋ ಜೋಡಿಯೋ, ಹಿಂದೆ ಹುಕ್ ಇದೆಯೋ ಇಲ್ಲವೋ ನೋಡುತ್ತಿದ್ದೆ. ಮುದ್ದೆ ತಟ್ಟೆಯಲ್ಲಿಟ್ಟುಕೊಂಡು ಫೋನಿನಲ್ಲಿ ಗಾಡಿಗಳ ಫೋಟೋ ನೋಡುತ್ತಾ ಕೂತರೆ ಸಾರು ಆರಿಹೋಗುತ್ತಿತ್ತು.

ಮೊದಲು ಮನಸ್ಸಿಗೆ ಹಿಡಿಸಿದ್ದು ಗುಬ್ಬಿಯ ಗಾಡಿ. ಓರಗಿತ್ತಿಯ ತವರಿನ ಕಡೆಯವರೊಬ್ಬರು ಹೇಳಿದ್ದು. ಶಾಮಿಯಾನ, ಅಡುಗೆ ಪಾತ್ರೆ, ಕುರ್ಚಿಗಳನ್ನು ಮದುವೆ ಮನೆಗಳಿಗೆ ಸಾಗಿಸುತ್ತಿದ್ದ ಹಿರಿಯರೊಬ್ಬರದು. ನಾವಿಬ್ಬರೂ ಬಸ್ಸು ಬದಲಿಸಿಕೊಂಡು ಹೋದೆವು. ಮನೆಯ ಮುಂದೆ ಹೊಂಗೆ ಮರದ ನೆರಳಲ್ಲಿ ಬಿಳಿ ಪಿಕಪ್ ನಿಂತಿತ್ತು. ಬಣ್ಣ ಅಲ್ಲಲ್ಲಿ ಮಾಸಿತ್ತು. ನಾನು ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದೆ. ತಣ್ಣಗಿತ್ತು. ತಣ್ಣಗಿರುವ ಇಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆದರೆ ನಂಬಬಹುದು ಅಂತ ಅಣ್ಣ ಹೇಳಿಕೊಟ್ಟಿದ್ದ. ಒಂದೇ ಸಲಕ್ಕೆ ಆಯಿತು. ಹೊಗೆಯೂ ಕಪ್ಪಾಗಿರಲಿಲ್ಲ.

ಹಿರಿಯರು ನನ್ನ ಹಿಂದೆ ಯಾರಾದರೂ ಗಂಡಸರು ಬರುತ್ತಿದ್ದಾರಾ ಅಂತ ರಸ್ತೆಯ ಕಡೆ ನೋಡಿದರು. ಕಣ್ಣು ಕಿರಿದು ಮಾಡಿಕೊಂಡು ನೋಡುವ ರೀತಿ ಅವರದು.

"ಓಡ್ಸೋರು ಯಾರವ್ವ?"

"ನಾನೇ."

ಅವರು ಎಡಗಡೆ ಸೀಟಿನಲ್ಲಿ ಹತ್ತಿ ಕೂತರು. ಗುಬ್ಬಿ ಕೆರೆಯ ಕಡೆಗೆ ಓಡಿಸಿದೆ. ನಾನು ಬ್ರೇಕು ಒತ್ತುವ ಮೊದಲೇ ಅವರ ಕಾಲು ಅಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ನಾನು ಗೇರು ಬದಲಿಸಿದಾಗಲೆಲ್ಲ ಅವರ ಕೈ ತೊಡೆಯ ಮೇಲೆ ಅಲುಗುತ್ತಿತ್ತು. ಕ್ಲಚ್ಚು ಸ್ವಲ್ಪ ಮೇಲೆ ಹಿಡಿಯುತ್ತಿತ್ತು, ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿತ್ತು. ಉಳಿದಂತೆ ಗಾಡಿ ಚೆನ್ನಾಗಿತ್ತು. ನನಗೆ ಆಗಲೇ ಅದು ನಮ್ಮದು ಅನ್ನಿಸಿಬಿಟ್ಟಿತ್ತು.

ವಾಪಸು ಬಂದು ಇಳಿದ ಮೇಲೆ ಅವರು ಕೀ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು. "ಗಾಡಿ ಕೊಡಲ್ಲ ಕಣವ್ವ. ನೀವು ಬೇರೆ ನೋಡ್ಕಳಿ" ಅಂದರು.

ಕಾಫಿ ತಂದ ಅವರ ಹೆಂಡತಿ ಬಾಗಿಲಲ್ಲೇ ನಿಂತರು. "ಏನಂತ ಹೇಳ್ತಿದೀರ? ಅಷ್ಟು ದೂರದಿಂದ ಕರ್ಸಿ?"

"ಕರ್ಸಿದ್ದು ನೀನು."

ನಾವು ಕಾಫಿ ಕುಡಿದು ಎದ್ದೆವು. ಆಕೆ ಬಸ್ ಸ್ಟಾಪಿನವರೆಗೂ ಬಂದು, "ಕಣ್ಣು ಮಂಜಾಗೈತೆ ಕಣ್ರವ್ವ. ಆಪರೇಷನ್‌ಗೂ ಒಪ್ಪಲ್ಲ, ಗಾಡಿನೂ ಬಿಡಲ್ಲ. ನಾನೇನು ಮಾಡ್ಲಿ?" ಅಂದರು. ಓರಗಿತ್ತಿ ತನ್ನ ನಂಬರನ್ನು ಆಕೆಯ ಫೋನಿನಲ್ಲಿ ಸೇವ್ ಮಾಡಿ ಕೊಟ್ಟಳು.

ಆಮೇಲಿನ ದಿನಗಳು ನನಗೆ ಬಹಳ ಕಷ್ಟವಾದವು. ಕಸ ಗುಡಿಸುವಾಗ, ಹಾಲು ಕರೆಯುವಾಗ ಆ ಬಿಳಿ ಗಾಡಿಯೇ ಕಣ್ಣ ಮುಂದೆ. ಕೊಡುವುದಿಲ್ಲ ಅಂದವರ ಗಾಡಿಯ ಮೇಲೆ ಇಷ್ಟು ಆಸೆ ಯಾಕೆ ಅಂತ ನನಗೇ ಸಿಟ್ಟು ಬರುತ್ತಿತ್ತು. ಡ್ಯಾಮಿನ ಕೆಳಗಿನ ತೋಟದವರು ಫೋನು ಮಾಡಿ, "ಮಷೀನು ಇಲ್ಲೇ ಬುಟ್ರೆ ನಾವು ಹಸ ಎಲ್ಲಿ ಕಟ್ಟಾಣ ಹೇಳಿ" ಅಂದರು. ಟ್ರ್ಯಾಕ್ಟರಿನವನು ಇನ್ನೂ ದಾರಿಯಲ್ಲೇ ಇದ್ದ.

ಆ ತಡೆಯಲಾರದ ಸ್ಥಿತಿಯಲ್ಲೇ ಕ್ಯಾತ್ಸಂದ್ರದ ಹತ್ತಿರ ಹೈವೇ ಪಕ್ಕದ ಹಳೇ ಗಾಡಿಗಳ ಅಂಗಡಿಗೆ ಹೋದೆವು. ಅಲ್ಲಿ ಸಾಲಾಗಿ ನಿಂತ ಗಾಡಿಗಳಲ್ಲಿ ಒಂದು ಫಳಫಳ ಹೊಳೆಯುತ್ತಿತ್ತು. ಹೊಸ ಸೀಟ್ ಕವರ್, ಹೊಸ ಟಾರ್ಪಾಲು, ಹಿಂದೆ ಎಳೆಯಲು ಗಟ್ಟಿ ಹುಕ್. ಬಾನೆಟ್ಟು ಮುಟ್ಟಿದೆ. ಬಿಸಿ ಇತ್ತು.

"ಈಗ ತಾನೆ ಡೀಸೆಲ್ ಹಾಕ್ಸಕ್ಕೆ ಹೋಗಿದ್ವಿ ಮೇಡಂ" ಅಂದ ಅಂಗಡಿಯವನು, ನಾನು ಕೇಳುವ ಮೊದಲೇ. "ಇವತ್ತು ಸಂಜೆ ಇನ್ನೊಂದು ಪಾರ್ಟಿ ಬರ್ತದೆ. ನೀವು ಹ್ಞೂಂ ಅಂದ್ರೆ ಅವ್ರಿಗೆ ಬೇಡ ಅಂತೀನಿ."

ನನ್ನ ಗಂಟಲಿನವರೆಗೂ ಹ್ಞೂಂ ಬಂದಿತ್ತು. ಅಷ್ಟರಲ್ಲಿ ಓರಗಿತ್ತಿ ಎಲ್ಲಿಂದಲೋ ಗೋಣಿಚೀಲವೊಂದನ್ನು ತಂದು ಗಾಡಿಯ ಹಿಂದೆ ಹಾಸಿ, ಚೂಡಿದಾರದ ವೇಲನ್ನು ಸೊಂಟಕ್ಕೆ ಕಟ್ಟಿ ಅಂಗಾತ ಮಲಗಿ ಒಳಗೆ ನುಸುಳಿದಳು. ಅಂಗಡಿಯವನು, "ಅಯ್ಯೋ ಮೇಡಂ, ಬಟ್ಟೆ ಗಲೀಜಾಗ್ತದೆ" ಅಂತ ಸುತ್ತ ಓಡಾಡಿದ.

ಒಳಗಿನಿಂದ ಅವಳ ದನಿ ಬಂತು. "ಅಕ್ಕ, ಇಲ್ಲಿ ಮಾತ್ರ ಹೊಸ ಪೇಂಟ್ ಹೊಡ್ದವ್ರೆ. ಬೇರೆ ಕಡೆ ಎಲ್ಲಾ ತುಕ್ಕು."

ನಾನೂ ಬಗ್ಗಿ ಟಾರ್ಚು ಬಿಟ್ಟು ನೋಡಿದೆ. ಹುಕ್ ಕೂರಿಸಿದ ಜಾಗದ ಸ್ವಲ್ಪ ಮುಂದೆ ಇಡೀ ಗಾಡಿಯನ್ನು ಹೊರುವ ಚಾಸಿಯ ಉಕ್ಕಿನ ಮೇಲೆ ದಪ್ಪನೆಯ ವೆಲ್ಡಿಂಗ್ ಗೆರೆ. ಮುರಿದದ್ದನ್ನು ಕೂಡಿಸಿ ಕಪ್ಪು ಬಣ್ಣ ಬಳಿದಿದ್ದರು. ಅಂಗಡಿಯವನು, ಅದು ಗಟ್ಟಿ ಮಾಡಿಸಿದ್ದು, ಮುರಿದದ್ದಲ್ಲ ಅಂದ. ನಾನು ಅದನ್ನು ನಂಬಲು ತಯಾರಿದ್ದೆ. ನಿಜ ಹೇಳಬೇಕೆಂದರೆ, ಈ ಹುಡುಕಾಟ ಇವತ್ತಿಗೆ ಮುಗಿದರೆ ಸಾಕು ಅನ್ನುವ ಹಂತಕ್ಕೆ ಬಂದಿದ್ದೆ.

"ಮಷೀನು ಎಳೆಯುವಾಗ ಇಲ್ಲಿ ಬಿಟ್ಕಂಡ್ರೆ ಹಿಂದೆ ಬರೋನ ಗತಿ ಏನು?" ಅಂದಳು ಓರಗಿತ್ತಿ. ಮೈ ಕೊಡವಿಕೊಂಡು ಗೋಣಿಚೀಲ ಮಡಚಿಟ್ಟು ರಸ್ತೆಯ ಕಡೆ ನಡೆದೇಬಿಟ್ಟಳು.

ಬಸ್ಸಿನಲ್ಲಿ ನಾವು ಜಗಳವಾಡಿದೆವು. "ನಿಂಗೆ ಯಾವುದೂ ಆಗಲ್ಲ" ಅಂದೆ. "ನಿಂಗೆ ಎಲ್ಲಾನೂ ಆಗ್ತದೆ" ಅಂದಳು. ಕುಣಿಗಲ್ಲಿನಲ್ಲಿ ಇಳಿದಾಗ ಅವಳು ಕಡಲೆಕಾಯಿ ಕೊಂಡು ಅರ್ಧ ನನ್ನ ಕೈಗೆ ಸುರಿದಳು. ಇಬ್ಬರೂ ಅಮೃತೂರಿನ ಬಸ್ಸು ಕಾಯುತ್ತಾ ತಿಂದೆವು.

ಗುಬ್ಬಿಯಿಂದ ಫೋನು ಬಂದದ್ದು ಅದಾದ ಮೂರ್ನಾಲ್ಕು ದಿನಕ್ಕೆ. ಹಿರಿಯರ ಹೆಂಡತಿ. ಚೌಲ್ಟ್ರಿಯೊಂದರ ಮುಂದೆ ಹಿರಿಯರು ಗಾಡಿ ರಿವರ್ಸ್ ತೆಗೆಯುವಾಗ ಹಿಂದೆ ನಿಲ್ಲಿಸಿದ್ದ ಮಗುವಿನ ಸೈಕಲ್ಲು ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾಗಿತ್ತು. ಮಗು ಅದರ ಮೇಲಿರಲಿಲ್ಲ, ಒಳಗೆ ಪಾಯಸ ತಿನ್ನುತ್ತಿತ್ತು. "ಆವತ್ತಿಂದ ಊಟ ಸೇರ್ತಾ ಇಲ್ಲ. ಅವ್ರೇ ಹೇಳವ್ರೆ, ಆ ಹೆಣ್ಮಕ್ಳನ್ನ ಕರಿ ಅಂತ."

ನಾವು ಮಾರನೆಯ ಬೆಳಿಗ್ಗೆಯೇ ಹೋದೆವು. ನನ್ನ ಗಂಡನೂ ಅರ್ಧ ದಿನ ರಜೆ ಹಾಕಿ ಬಂದಿದ್ದರು. ದಾಖಲೆ ನೋಡಿ, ಮಾತುಕತೆ ಮುಗಿಸಿ, ಸಹಿಗಳೆಲ್ಲ ಆದ ಮೇಲೆ ಅವರು ಶಿಫ್ಟಿಗೆ ಹೊತ್ತಾಯಿತೆಂದು ತುಮಕೂರಿಗೆ ಹೋದರು. ಕೀ ಕೊಡುವಾಗ ಹಿರಿಯರು ಕೇಳಿದರು.

"ನಾನೂ ಬರ್ಲಾ ನಿಮ್ಮೂರಿನ ಗಂಟ? ಎಳೆಯೋದು ಹೆಂಗೆ ಎಳೀತದೆ ನೋಡ್ಬೇಕು. ಇದುವರ್ಗೂ ಹೊತ್ತೈತೆ, ಎಳ್ದಿಲ್ಲ."

ಮೂವರೂ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತು ಹೊರಟೆವು. ನಾನು ಸ್ಟೇರಿಂಗನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಕುಣಿಗಲ್ ಬರುವಷ್ಟರಲ್ಲಿ ಬೆರಳು ಮರಗಟ್ಟಿದ್ದವು. ಹಿಂದಿನಿಂದ ಬಸ್ಸು ಹಾರ್ನ್ ಹೊಡೆದಾಗಲೆಲ್ಲ ಹಿರಿಯರು, "ಹೊಡ್ಕಳ್ಳಿ ಬುಡವ್ವ, ನೀನು ನಿನ್ ಪಾಡಿಗೆ ಹೋಗು" ಅನ್ನುತ್ತಿದ್ದರು. ಈ ಸಲ ಅವರ ಕಾಲು ಬ್ರೇಕು ಹುಡುಕಲಿಲ್ಲ. ಕೈ ಮಾತ್ರ ಕಿಟಕಿಯ ಕಂಬಿ ಬಿಡಲಿಲ್ಲ.

ಕುಣಿಗಲ್ಲಿನ ಗ್ಯಾರೇಜಿನಲ್ಲಿ ಹುಕ್ ಹಾಕಿಸಿಕೊಂಡು ನೇರವಾಗಿ ಡ್ಯಾಮಿನ ಕೆಳಗಿನ ತೋಟಕ್ಕೆ ಹೋದೆವು. ಮಷೀನಿನ ಮೂಗನ್ನು ಹುಕ್ಕಿಗೆ ಸಿಕ್ಕಿಸಿ, ಪಿನ್ನು ಹಾಕಿ, ಸರಪಳಿ ಬಿಗಿದೆವು. ತೋಟದಿಂದ ರಸ್ತೆಗೆ ಏರುವ ದಾರಿ ಚಿಕ್ಕದು, ಕಡಿದು. ರಾತ್ರಿ ಬಿದ್ದ ಹನಿಗೆ ಮಣ್ಣು ಜಿಗುಟಾಗಿತ್ತು. ಅವರಿಬ್ಬರನ್ನೂ ಕೆಳಗೆ ನಿಲ್ಲಿಸಿ ಮೊದಲನೇ ಗೇರಿನಲ್ಲಿ ಏರಿಸಿದೆ. ಅರ್ಧ ಏರಿದ್ದೇ ಹಿಂದಿನ ಚಕ್ರಗಳು ನಿಂತಲ್ಲೇ ಗಿರಗಿರ ತಿರುಗಿದವು. ಗಾಡಿ ಜಾರತೊಡಗಿತು. ಕನ್ನಡಿಯಲ್ಲಿ ಮಷೀನು ಓರೆಯಾಗುವುದು ಕಾಣಿಸಿತು. ಬ್ರೇಕು ಒತ್ತಿ ಹಿಡಿದೆ. ಓರಗಿತ್ತಿ ಓಡಿಬಂದು ಚಕ್ರಕ್ಕೆ ಕಲ್ಲು ಕೊಟ್ಟಳು.

"ಇಂಜಿನ್‌ನಾಗೆ ಶಕ್ತಿ ಐತೆ. ಹಿಂದ್ಗಡೆ ಖಾಲಿ, ಅದ್ಕೆ ಚಕ್ರ ನೆಲ ಹಿಡೀತಿಲ್ಲ" ಅಂದಳು. ತೋಟದವರನ್ನು ಕೂಗಿದಳು. ಕಾಯಿ ತುಂಬಿದ ಚೀಲಗಳನ್ನು ತಂದು ಹಿಂದಕ್ಕೆ ಹಾಕಿದರು. ಆಮೇಲೆ ತೋಟದ ಯಜಮಾನ, ಅವನ ತಮ್ಮ, ಓರಗಿತ್ತಿ ಒಬ್ಬೊಬ್ಬರಾಗಿ ಹತ್ತಿದರು. ಕೊನೆಗೆ ಗುಬ್ಬಿಯ ಹಿರಿಯರೂ ಪಂಚೆ ಎತ್ತಿ ಕಟ್ಟಿ ಚಕ್ರದ ಮೇಲೆ ಕಾಲಿಟ್ಟರು.

"ನೀವು ಬೇಡ ಅಣ್ಣ, ಕೆಳಗೆ ಇರಿ" ಅಂದೆ ಕಿಟಕಿಯಿಂದ.

"ನಾನೂ ಭಾರನೇ ಅಲ್ವಾ?" ಅಂದರು. ಕಾಯಿ ಚೀಲದ ಮೇಲೆ ಕೂತು, "ಇಷ್ಟು ವರ್ಷ ಆಗೈತೆ, ಹಿಂದ್ಗಡೆ ಕೂತಿದ್ದು ಇವತ್ತೇ. ಹ್ಞೂಂ, ಎತ್ತವ್ವ!" ಅಂತ ಕ್ಯಾಬಿನ್ನಿನ ತಗಡನ್ನು ಅಂಗೈಯಿಂದ ಬಡಿದರು.

ಚಕ್ರ ಒಂದು ಸಲ ಜಾರಿತು, ಆಮೇಲೆ ನೆಲ ಹಿಡಿಯಿತು. ಗಾಡಿ ಮುಲುಗುತ್ತಾ ಏರಿತು. ಮಷೀನು ಎಗರುತ್ತಾ ಹಿಂದೆ ಬಂತು. ರಸ್ತೆಗೆ ಬಂದು ನಿಂತಾಗ ಹಿಂದುಗಡೆ ಎಲ್ಲರೂ ಕೂಗುತ್ತಿದ್ದರು. ನಾನು ಇಳಿದು ನೋಡಿದರೆ ಹಿರಿಯರ ಕಣ್ಣಲ್ಲಿ ನೀರು. ಮಂಜಿನಿಂದಲೋ, ಹೊಗೆಯಿಂದಲೋ, ಕೇಳಲಿಲ್ಲ.

ಅಮೃತೂರಿನಲ್ಲಿ ನಮ್ಮ ಮನೆಯಲ್ಲಿ ಉಂಡು ಅವರು ಬಸ್ಸಿಗೆ ಹೊರಟರು. ಗಾಡಿಯಲ್ಲೇ ಬಿಟ್ಟು ಬರುತ್ತೇನೆ ಅಂದದ್ದಕ್ಕೆ ಬೇಡ ಅಂದರು. ಬಸ್ಸು ಹತ್ತುವ ಮೊದಲು ಓರಗಿತ್ತಿಗೆ, "ನೀನೂ ಕಲ್ತ್ಕೊ ತಾಯಿ. ಒಬ್ರೇ ಓಡ್ಸೋ ಗಾಡಿ ಆದ್ರೆ ಆಮೇಲೆ ಅದನ್ನ ಬಿಡೋಕ್ ಆಗಲ್ಲ" ಅಂದರು. ಆ ಮಳೆಗಾಲ ಕಳೆದ ಮೇಲೆ ಅವರು ಕಣ್ಣಿನ ಆಪರೇಷನ್ ಮಾಡಿಸಿಕೊಂಡರು ಅಂತ ಅವರ ಹೆಂಡತಿಯಿಂದ ತಿಳಿಯಿತು.

ಗಾಡಿಗೆ ಆಮೇಲೆ ಕ್ಲಚ್ ಪ್ಲೇಟ್ ಹಾಕಿಸಿದ್ದೇವೆ, ಹಿಂದಿನ ಟೈರು ಬದಲಾಯಿಸಿದ್ದೇವೆ. ಓರಗಿತ್ತಿ ಲೈಸೆನ್ಸ್ ಮಾಡಿಸಿಕೊಂಡು ಮಷೀನು ಸಿಕ್ಕಿಸಿಕೊಂಡೇ ರಿವರ್ಸ್ ತೆಗೆಯುತ್ತಾಳೆ. ನನಗೆ ಅದು ಇನ್ನೂ ಸರಿಯಾಗಿ ಬರುವುದಿಲ್ಲ. ಸ್ಟೇರಿಂಗು ಈ ಕಡೆ ತಿರುಗಿಸಿದರೆ ಮಷೀನು ಆ ಕಡೆ ಹೋಗುತ್ತದೆ. ಅವಳು ಒಬ್ಬಳೇ ಗಾಡಿ ತೆಗೆದುಕೊಂಡು ಹೋದ ದಿನ, ಅವಳು ತಲುಪಿದೆ ಅಂತ ಫೋನು ಮಾಡುವವರೆಗೂ ನಾನು ಮನೆಯೊಳಗೊಂದು ಕಾಲು, ಹೊರಗೊಂದು ಕಾಲು ಇಟ್ಟುಕೊಂಡೇ ಇರುತ್ತೇನೆ.